ಅಕ್ಕೋರೇ, ಒಂದು ಕೇಳ್ಲಾ? ದೊಡ್ಡವರಾಗುವ ವಯಸ್ಸಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮೊದಲು ಶಿರಸಿ ಕಡೆ ಇದ್ದೆ, ಈಗ ಘಟ್ಟ ಇಳಿದು ಅಂಕೋಲಾ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ನಮ್ಮ ತರಗತಿಯ ಕಪಾಟಿನ ಮೇಲೆ ಒಂದು ಹಳೆ ಬಿಸ್ಕತ್ತಿನ ಡಬ್ಬಿ ಇದೆ. ಮುಚ್ಚಳದಲ್ಲಿ ಚೀಟಿ ತೂರುವಷ್ಟು ಸೀಳು ಮಾಡಿದ್ದೇವೆ. ಆರು, ಏಳು, ಎಂಟನೇ ತರಗತಿಯ ಮಕ್ಕಳು ಹೆಸರು ಬರೆಯದೆ ಪ್ರಶ್ನೆ ಹಾಕುತ್ತಾರೆ. ಶನಿವಾರ ಬೆಳಗಿನ ಶಾಲೆ ಬಿಡುವ ಮುಂಚೆ ನಾನು ಒಂದೊಂದಾಗಿ ಬಿಚ್ಚಿ ಓದಿ ಉತ್ತರ ಹೇಳುತ್ತೇನೆ.

ಕೆಲವು ಚೀಟಿಗಳನ್ನು ಎಷ್ಟು ಸಣ್ಣದಾಗಿ ಮಡಚಿರುತ್ತಾರೆ ಅಂದರೆ ಉಗುರಿನಿಂದ ಬಿಡಿಸಬೇಕು. ಅಷ್ಟು ಹೆದರಿಕೆ. ಬರೆದದ್ದು ಮಾತ್ರ ಹೆಚ್ಚಾಗಿ ಒಂದೇ: ನನಗೆ ಆಗುತ್ತಿರುವುದು ಎಲ್ಲರಿಗೂ ಆಗುತ್ತದಾ? ಚೀಟಿಯಲ್ಲಿ ಬಂದದ್ದು, ತಾಯಂದಿರು ಗೇಟಿನ ಹತ್ತಿರ ನಿಲ್ಲಿಸಿ ಕೇಳಿದ್ದು, ಹಳೆ ವಿದ್ಯಾರ್ಥಿಗಳು ಬರೆದು ಕೇಳಿದ್ದು ಎಲ್ಲ ಸೇರಿಸಿ ಇಲ್ಲಿಟ್ಟಿದ್ದೇನೆ. ಪ್ರಶ್ನೆಯ ಮಾತನ್ನು ತಿದ್ದಿಲ್ಲ.

## ಶುರುವಿನ ಪ್ರಶ್ನೆಗಳು

"ದೊಡ್ಡೋರಾಗೋದು ಅಂದ್ರೆ ಒಂದೇ ದಿನಕ್ಕೆ ಆಗೋದಾ?"

ಇಲ್ಲ. ಊರಲ್ಲಿ "ಅವಳು ದೊಡ್ಡವಳಾದಳು" ಅಂತ ಒಂದು ದಿನ ಹಿಡಿದು ಹೇಳುತ್ತಾರೆ, ಆರತಿ ಎತ್ತುತ್ತಾರೆ. ಹಾಗಾಗಿ ಇದು ಒಂದೇ ದಿನದ ಸಂಗತಿ ಅನ್ನಿಸುತ್ತದೆ. ನಿಜವಾಗಿ ಇದಕ್ಕೆ ನಾಲ್ಕೈದು ವರ್ಷ ಹಿಡಿಯುತ್ತದೆ.

ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಗ್ರಂಥಿ ಇದೆ, ಪಿಟ್ಯುಟರಿ ಅಂತ. ಅದರ ಮೇಲಿರುವ ಹೈಪೋಥಲಾಮಸ್ ಅನ್ನುವ ಮೆದುಳಿನ ಭಾಗ ಅದಕ್ಕೆ ಸೂಚನೆ ಕೊಡುತ್ತದೆ. ಮೊದಮೊದಲು ಈ ಸೂಚನೆ ಹೋಗುವುದು ರಾತ್ರಿ, ನೀವು ನಿದ್ದೆಯಲ್ಲಿರುವಾಗ. ಪಿಟ್ಯುಟರಿ ಅದನ್ನು ರಕ್ತದ ಮೂಲಕ ಹುಡುಗಿಯರ ಅಂಡಾಶಯಕ್ಕೆ, ಹುಡುಗರ ವೃಷಣಕ್ಕೆ ಮುಟ್ಟಿಸುತ್ತದೆ. ಅಲ್ಲಿ ಹಾರ್ಮೋನು ತಯಾರಾಗಿ ಮೈಯೆಲ್ಲ ಓಡಾಡತೊಡಗುತ್ತದೆ. ಎತ್ತರ, ಕೂದಲು, ಬೆವರು, ಧ್ವನಿ, ಮುಟ್ಟು ಎಲ್ಲ ಅದರಿಂದಲೇ.

ಹುಡುಗಿಯರಿಗೆ ಹೆಚ್ಚಾಗಿ ಮೊದಲು ಗೊತ್ತಾಗುವುದು ಎದೆಯಲ್ಲಿ ಸಣ್ಣ ಗಂಟಿನ ಹಾಗೆ ಆಗಿ ನೋಯುವುದು. ಅದು ಒಂದೇ ಕಡೆ ಶುರುವಾಗಬಹುದು, ಇನ್ನೊಂದು ಕಡೆ ಕೆಲವು ತಿಂಗಳು ತಡವಾಗಿ ಬರಬಹುದು. "ನನಗೆ ಕ್ಯಾನ್ಸರ್ ಬಂದಿದೆ" ಅಂತ ಬರೆದ ಚೀಟಿ ನನಗೆ ಒಂದಲ್ಲ, ನಾಲ್ಕು ಸಿಕ್ಕಿವೆ. ಅದು ಕ್ಯಾನ್ಸರ್ ಅಲ್ಲ ಮಗಾ, ಬೆಳೆಯುತ್ತಿರುವ ಗುರುತು.

"ನನ್ನ ಗೆಳತಿಗೆ ಐದನೇ ಕ್ಲಾಸಲ್ಲೇ ಆಯ್ತು. ನಾನು ಎಂಟನೇ ಕ್ಲಾಸು, ಇನ್ನೂ ಆಗ್ಲಿಲ್ಲ. ನಂಗೆ ಎಂತಾದ್ರೂ ತೊಂದ್ರೆ ಇದ್ಯಾ?"

ಒಂದೇ ದಿನ ನೆಟ್ಟ ಅಡಿಕೆ ಸಸಿಗಳಲ್ಲಿ ಒಂದು ಐದನೇ ವರ್ಷಕ್ಕೆ ಹಿಂಗಾರ ಬಿಡುತ್ತದೆ, ಪಕ್ಕದ್ದು ಏಳನೇ ವರ್ಷಕ್ಕೆ. ತೋಟದವರು ಎರಡನೆಯದನ್ನು ಕಡಿದು ಹಾಕುವುದಿಲ್ಲ, ಅಲ್ವಾ?

ಹುಡುಗಿಯರಲ್ಲಿ ಬದಲಾವಣೆ 8ರಿಂದ 13 ವರ್ಷದೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು, ಹುಡುಗರಲ್ಲಿ 9ರಿಂದ 14ರೊಳಗೆ. ಎದೆ ಬೆಳೆಯಲು ಶುರುವಾಗಿ ಎರಡು, ಎರಡೂವರೆ ವರ್ಷಕ್ಕೆ ಸಾಮಾನ್ಯವಾಗಿ ಮೊದಲ ಮುಟ್ಟು ಬರುತ್ತದೆ. ಅಮ್ಮನಿಗೋ ಅಕ್ಕನಿಗೋ ಯಾವಾಗ ಆಗಿತ್ತು ಅಂತ ಕೇಳಿ ನೋಡಿ, ಮನೆತನದಲ್ಲಿ ಹೆಚ್ಚುಕಮ್ಮಿ ಹಾಗೇ ಬರುವುದುಂಟು.

ಡಾಕ್ಟರ ಹತ್ತಿರ ಹೋಗಬೇಕಾದದ್ದು ಯಾವಾಗ ಅಂದರೆ, ಹುಡುಗಿಗೆ 8ಕ್ಕೆ ಮುಂಚೆ, ಹುಡುಗನಿಗೆ 9ಕ್ಕೆ ಮುಂಚೆ ಬದಲಾವಣೆ ಕಂಡರೆ. ಅಥವಾ ಹುಡುಗಿಗೆ 13, ಹುಡುಗನಿಗೆ 14 ತುಂಬಿದರೂ ಏನೂ ಕಾಣದಿದ್ದರೆ. 15 ತುಂಬಿದರೂ ಮುಟ್ಟಾಗದಿದ್ದರೆ. ಅದರ ಮಧ್ಯೆ ಇರುವವರೆಲ್ಲ ತಮ್ಮ ಸರದಿಗೆ ಕಾಯುತ್ತಿರುವವರು, ಅಷ್ಟೇ.

"ಮುಟ್ಟಿನ ರಕ್ತ ಎಲ್ಲಿಂದ ಬರ್ತದೆ? ಅದು ಕೆಟ್ಟ ರಕ್ತವಾ?"

ಹೊಟ್ಟೆಯ ಕೆಳಭಾಗದಲ್ಲಿ ಗರ್ಭಕೋಶ ಇದೆ, ನಿಮ್ಮ ಮುಷ್ಟಿಯಷ್ಟು ಗಾತ್ರ. ಮುಂದೆ ಎಂದಾದರೂ ಮಗು ಬೆಳೆಯುವುದಿದ್ದರೆ ಅಂತ ಅದರ ಒಳಗೆ ಪ್ರತಿ ತಿಂಗಳು ಒಂದು ಮೆತ್ತನೆಯ ಪದರ ತಯಾರಾಗುತ್ತದೆ. ಬೇಕಾಗದಿದ್ದಾಗ ಆ ಪದರ ಕಳಚಿ ರಕ್ತದ ಜೊತೆ ಹೊರಗೆ ಬರುತ್ತದೆ. ಅದೇ ಮುಟ್ಟು. ಕೆಟ್ಟ ರಕ್ತ ಅಂತ ಒಂದು ಇಲ್ಲವೇ ಇಲ್ಲ. ಬೆರಳು ಕೊಯ್ದರೆ ಬರುತ್ತದಲ್ಲ, ಅದೇ ರಕ್ತ.

ನೋಡಲು ತುಂಬಾ ಹೋದ ಹಾಗೆ ಕಾಣುತ್ತದೆ. ಆದರೆ ಒಂದು ಸಲದ ಮುಟ್ಟಿನಲ್ಲಿ ಎಲ್ಲ ಸೇರಿ ಹೋಗುವುದು ಸಾಮಾನ್ಯವಾಗಿ 30ರಿಂದ 80 ಮಿಲಿ ಲೀಟರ್. ಅಂದರೆ ಅರ್ಧ ಲೋಟ ಚಹಾಕ್ಕಿಂತಲೂ ಕಡಿಮೆಯೇ ಹೆಚ್ಚಿನವರಿಗೆ. 2ರಿಂದ 7 ದಿನ ಇರಬಹುದು. ಮೊದಲ ಒಂದೆರಡು ವರ್ಷ ಲೆಕ್ಕ ತಪ್ಪುವುದು ಮಾಮೂಲು, 21 ದಿನಕ್ಕೂ ಬರಬಹುದು, 45 ದಿನಕ್ಕೂ ಬರಬಹುದು. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಚುಕ್ಕೆ ಇಡುತ್ತಾ ಹೋಗಿ. ಆರು ತಿಂಗಳಾದ ಮೇಲೆ ನಿಮ್ಮ ಲೆಕ್ಕ ನಿಮಗೇ ಗೊತ್ತಾಗುತ್ತದೆ.

"ನನ್ನ ಗಂಟಲು ಒಡೆದು ಹೋಗಿದೆ. ಪ್ರಾರ್ಥನೆ ಹೇಳಿದ್ರೆ ಎಲ್ರೂ ನಗ್ತಾರೆ. ಇನ್ನು ಹೀಗೇ ಇರ್ತದಾ?"

ಇರುವುದಿಲ್ಲ. ಗಂಟಲಿನ ಧ್ವನಿಪೆಟ್ಟಿಗೆ ಬೇಗ ಬೇಗ ದೊಡ್ಡದಾಗುತ್ತದೆ, ಒಳಗಿನ ತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ಹೊಸ ಅಳತೆಗೆ ಸ್ನಾಯುಗಳು ಒಗ್ಗುವವರೆಗೆ ಧ್ವನಿ ಮೇಲೆ ಕೆಳಗೆ ಜಾರುತ್ತದೆ. ಕೆಲವು ತಿಂಗಳು ಬೇಕು, ಕೆಲವರಿಗೆ ಒಂದು ವರ್ಷ.

ನನ್ನ ತರಗತಿಯಲ್ಲಿ ಯಕ್ಷಗಾನದ ಭಾಗವತಿಕೆ ಕಲಿಯುತ್ತಿದ್ದ ಹುಡುಗನೊಬ್ಬ ಇದ್ದ. ಏಳನೇ ತರಗತಿಯ ಮಧ್ಯದಲ್ಲಿ ಧ್ವನಿ ಒಡೆಯಿತು. ಅವನು ಮಾತಾಡುವುದನ್ನೇ ನಿಲ್ಲಿಸಿದ, ಹಾಜರಿ ಕೂಗಿದರೆ ಕೈ ಮಾತ್ರ ಎತ್ತುತ್ತಿದ್ದ. ಅವನ ಗುರುಗಳು ತುಂಬಾ ಒಳ್ಳೆಯ ಕೆಲಸ ಮಾಡಿದರು. ಹಾಡಿಸುವುದನ್ನು ಸ್ವಲ್ಪ ಸಮಯ ಬಿಟ್ಟು ತಾಳ ಹಾಕಲು ಕೂರಿಸಿದರು. ಮುಂದೆ ಶ್ರುತಿ ಇಳಿಸಿ ಮತ್ತೆ ಶುರು ಮಾಡಿಸಿದರು. ಧ್ವನಿ ಒಡೆದಾಗ ಕಿರುಚಿ ಹಾಡಬೇಡಿ, ಹಾಗಂತ ಮಾತೂ ಬಿಡಬೇಡಿ. ನಗುವವರಿಗೂ ಮುಂದಿನ ವರ್ಷ ಇದೇ ಆಗುವುದಿದೆ.

"ಮುಖದ ತುಂಬಾ ಮೊಡವೆ. ಕಂಕುಳು ವಾಸನೆ. ಎಂತ ಮಾಡೋದು?"

ಹಾರ್ಮೋನಿನಿಂದ ಚರ್ಮದಲ್ಲಿ ಎಣ್ಣೆ ಜಾಸ್ತಿ, ಬೆವರೂ ಜಾಸ್ತಿ, ಮೇಲಿಂದ ನಮ್ಮ ಕರಾವಳಿಯ ಸೆಕೆ. ದಿನಕ್ಕೆ ಎರಡು ಸಲ ಮುಖ ತೊಳೆಯಿರಿ, ಅದಕ್ಕಿಂತ ಜಾಸ್ತಿ ಉಜ್ಜಬೇಡಿ. ಚಿವುಟಬೇಡಿ, ಕಲೆ ಉಳಿಯುತ್ತದೆ. ಕ್ರಿಕೆಟ್ ಆಡಿ ಬಂದ ಮೇಲೆ ಸ್ನಾನ, ಒಗೆದ ಬನಿಯನ್ನು. ಬೆಳ್ಳಗಾಗುವ ಕ್ರೀಮು ಅಂತ ಮೆಡಿಕಲ್ ಶಾಪಿನಿಂದ ತಂದು ಹಚ್ಚುತ್ತಾರಲ್ಲ, ಅದರಲ್ಲಿ ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ, ಮೊಡವೆ ಇನ್ನೂ ಹೆಚ್ಚಾಗುತ್ತದೆ. ಬೇಡ.

## ಶಾಲೆಯಲ್ಲಿ, ಮನೆಯಲ್ಲಿ

"ಶಾಲೆಯಲ್ಲೇ ಆಗಿಬಿಟ್ರೆ?"

ಒಂದು ಮಧ್ಯಾಹ್ನ ಬೆಲ್ ಹೊಡೆದು ಎಲ್ಲ ಮಕ್ಕಳೂ ಹೊರಗೆ ಓಡಿದರು, ಒಬ್ಬಳು ಮಾತ್ರ ಬೆಂಚಿನಿಂದ ಏಳಲಿಲ್ಲ. ಹೋಂವರ್ಕ್ ಬರೆಯುತ್ತಿದ್ದೇನೆ ಅಂದಳು. ಪುಸ್ತಕ ತಲೆಕೆಳಗಾಗಿತ್ತು. ನಾನು ಪಕ್ಕ ಕೂತು ಸುಮ್ನೆ ನನ್ನ ಕೊಡೆ ಮಡಚುತ್ತಾ ಇದ್ದೆ. ಸುಮಾರು ಹೊತ್ತಾದ ಮೇಲೆ ಅವಳು, "ಅಕ್ಕೋರೇ, ನಾನು ಬೆಂಚು ತೊಳೆದು ಹೋಗ್ತೆ, ನೀವು ಹೋಗಿ" ಅಂದಳು. ಆಗ ಅವಳಿಗೆ ಹನ್ನೊಂದು ವರ್ಷ. ಅವಳ ಚಿಂತೆ ತನ್ನ ಬಗ್ಗೆ ಇರಲಿಲ್ಲ, ಬೆಂಚಿನ ಬಗ್ಗೆ ಇತ್ತು.

ಆವತ್ತಿನಿಂದ ನಮ್ಮ ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ಚೀಲ ಇರುತ್ತದೆ. ಪ್ಯಾಡು, ಎರಡು ಚಡ್ಡಿ, ಒಂದು ಕಪ್ಪು ಲಂಗ, ಹಳೆ ಪೇಪರು, ಸೋಪು. ಕೇಳಿ ತೆಗೆದುಕೊಳ್ಳಬೇಕಾಗಿಲ್ಲ, ಬೀಗವೂ ಇಲ್ಲ. ತೆಗೆದುಕೊಂಡವರು ಆಮೇಲೆ ಒಂದು ಪ್ಯಾಡು ತಂದಿಟ್ಟರೆ ಸಾಕು, ತರದಿದ್ದರೂ ಪರವಾಗಿಲ್ಲ. ನಿಮ್ಮ ಶಾಲೆಯಲ್ಲಿ ಇಲ್ಲದಿದ್ದರೆ ಒಂದು ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕಂಪಾಸ್ ಬಾಕ್ಸಿನ ಕೆಳಗೆ ಇಟ್ಟುಕೊಂಡಿರಿ. ಏನೂ ಇಲ್ಲದಿದ್ದರೆ ಶುದ್ಧವಾದ ಕರ್ಚೀಫು ಮಡಚಿ ಇಟ್ಟುಕೊಂಡರೂ ಮನೆ ಮುಟ್ಟುವವರೆಗೆ ಸಾಕಾಗುತ್ತದೆ. ಲಂಗಕ್ಕೆ ಕಲೆಯಾದರೆ ತಣ್ಣೀರಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ.

ಹುಡುಗರಿಗೆ ಒಂದು ಮಾತು. ಯಾರ ಲಂಗದ ಮೇಲಾದರೂ ಕಲೆ ಕಂಡರೆ ನಗುವುದು ಬೇಡ, ಜೋರಾಗಿ ಹೇಳುವುದೂ ಬೇಡ. ಅವಳ ಗೆಳತಿಗೋ ನನಗೋ ಮೆಲ್ಲಗೆ ಹೇಳಿ. ಕಳೆದ ವರ್ಷ ಎಂಟನೇ ತರಗತಿಯ ಒಬ್ಬ ತನ್ನ ಸ್ವೆಟರ್ ತೆಗೆದು ಬೆಂಚಿನ ಮೇಲಿಟ್ಟು ಸುಮ್ನೆ ಹೊರಗೆ ಹೋದ. ಅವಳು ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಬಸ್ ಹತ್ತಿದಳು.

"ಬಟ್ಟೆ ಒಳ್ಳೇದಾ, ಪ್ಯಾಡಾ? ಮಳೆಗಾಲದಲ್ಲಿ ಬಟ್ಟೆ ಒಣಗೋದೇ ಇಲ್ಲ."

ಎರಡೂ ಒಳ್ಳೆಯದೇ. ಶುಚಿಯಾಗಿರುವುದು ಮುಖ್ಯ.

ಬಟ್ಟೆಯಾದರೆ ಮೆತ್ತನೆಯ ಹತ್ತಿಯದ್ದು. ತಣ್ಣೀರಲ್ಲಿ ನೆನೆಸಿ, ಸೋಪು ಹಾಕಿ ತೊಳೆದು, ಬಿಸಿಲಲ್ಲಿ ಒಣಗಿಸಬೇಕು. ಇಲ್ಲೇ ಕಷ್ಟ. ಜೂನ್, ಜುಲೈನಲ್ಲಿ ನಮ್ಮ ಕಡೆ ಯೂನಿಫಾರ್ಮೇ ಮೂರು ದಿನ ಒಣಗುವುದಿಲ್ಲ, ಇನ್ನು ಯಾರಿಗೂ ಕಾಣಬಾರದು ಅಂತ ಕೊಟ್ಟಿಗೆಯಲ್ಲಿ, ಸೀರೆಯ ಅಡಿಯಲ್ಲಿ ಅಡಗಿಸಿ ಹಾಕಿದ ಬಟ್ಟೆ ಹೇಗೆ ಒಣಗೀತು? ಹಸಿ ಬಟ್ಟೆ ಇಟ್ಟುಕೊಂಡರೆ ತುರಿಕೆ, ಫಂಗಸ್ ಶುರುವಾಗುತ್ತದೆ. ಮಳೆಗಾಲಕ್ಕೆ ಎಂಟು ಹತ್ತು ತುಂಡು ಇಟ್ಟುಕೊಳ್ಳಿ. ಘಟ್ಟದ ಮೇಲಿನವರು ಬಚ್ಚಲ ಒಲೆಯ ಬಿಸಿಗೆ ಹಗ್ಗ ಕಟ್ಟಿ ಒಣಗಿಸಬಹುದು, ಕರೆಂಟ್ ಇದ್ದಾಗ ಇಸ್ತ್ರಿ ಹಾಕಬಹುದು. ಅದೂ ಆಗದಿದ್ದರೆ ಆ ನಾಲ್ಕು ತಿಂಗಳು ಪ್ಯಾಡೇ ಬಳಸಿ. ಇದು ನನ್ನ ಖಂಡಿತ ಅಭಿಪ್ರಾಯ.

ಪ್ಯಾಡಾಗಲಿ ಬಟ್ಟೆಯಾಗಲಿ, ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು, ಕಡಿಮೆ ಹೋಗುತ್ತಿದ್ದರೂ. ಸರ್ಕಾರದ ಶುಚಿ ಯೋಜನೆಯಲ್ಲಿ ಶಾಲೆಗೆ ಪ್ಯಾಡು ಬರುತ್ತದೆ. 2013-14ರಲ್ಲಿ ಶುರುವಾದದ್ದು, ಕೋವಿಡ್ ಕಾಲದಲ್ಲಿ ನಿಂತು 2024ರಲ್ಲಿ ಮತ್ತೆ ಬಂತು. ಜನೌಷಧಿ ಅಂಗಡಿಯಲ್ಲಿ ಒಂದು ರೂಪಾಯಿಗೆ ಒಂದು ಪ್ಯಾಡು ಸಿಗುತ್ತದೆ, ಹೆಸರು ಸುವಿಧಾ.

ಬಳಸಿದ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಬೇರೆಯಾಗಿ ಕೊಡಿ. ಟಾಯ್ಲೆಟ್ಟಿಗೆ ಹಾಕಿದರೆ ಕಟ್ಟಿಕೊಳ್ಳುತ್ತದೆ. ಬಚ್ಚಲ ಒಲೆಗೆ ಹಾಕಿದರೆ ಪ್ಲಾಸ್ಟಿಕ್ ಹೊಗೆ. ಹೊಳೆಗಂತೂ ಎಸೆಯಲೇಬೇಡಿ. ಅಘನಾಶಿನಿ ಅಳಿವೆಯಲ್ಲಿ ನಿಮ್ಮದೇ ಅಮ್ಮಂದಿರು ಸೊಂಟದವರೆಗೆ ನೀರಲ್ಲಿ ನಿಂತು ಬಳಚು ಅನ್ನುವ ಚಿಪ್ಪುಮೀನು ಹೆಕ್ಕುತ್ತಾರೆ.

"ಹೊಟ್ಟೆ ನೋವು ತಡೆಯೋಕೆ ಆಗಲ್ಲ. ಮಾತ್ರೆ ತಗೊಂಡ್ರೆ ಮುಂದೆ ಮಕ್ಕಳಾಗಲ್ವಂತೆ, ಹೌದಾ?"

ಸುಳ್ಳು. ಗರ್ಭಕೋಶದ ಸ್ನಾಯು ಹಿಂಡಿ ಆ ಪದರವನ್ನು ಹೊರಗೆ ಹಾಕುವಾಗ ನೋವಾಗುತ್ತದೆ. ಬಿಸಿನೀರಿನ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಹೊಟ್ಟೆ ಮೇಲಿಡಿ. ಸ್ವಲ್ಪ ಓಡಾಡಿ, ಮಲಗೇ ಇರಬೇಡಿ. ಡಾಕ್ಟರು ಅಥವಾ ನರ್ಸ್ ಹೇಳಿದ ನೋವಿನ ಮಾತ್ರೆಯನ್ನು ಊಟದ ನಂತರ ಹೇಳಿದಷ್ಟೇ ತೆಗೆದುಕೊಂಡರೆ ಮುಂದೆ ಮಕ್ಕಳಾಗುವುದಕ್ಕೆ ಏನೂ ತೊಂದರೆ ಇಲ್ಲ. ಪ್ರತಿ ತಿಂಗಳು ಶಾಲೆ ತಪ್ಪುವಷ್ಟು ನೋವಿದ್ದರೆ, ಒಂದೆರಡು ಗಂಟೆಗೇ ಪ್ಯಾಡು ಪೂರ್ತಿ ನೆನೆಯುತ್ತಿದ್ದರೆ, ಏಳು ದಿನ ದಾಟಿದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. "ಹೆಣ್ಣು ಅಂದ ಮೇಲೆ ತಡ್ಕೋಬೇಕು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

"ಆಗ ಹೊರಗೆ ಕೂರಬೇಕಾ? ಉಪ್ಪಿನಕಾಯಿ ಮುಟ್ಟಿದ್ರೆ ಹಾಳಾಗ್ತದಾ?"

ಶಿರಸಿ ಕಡೆ ಇದ್ದಾಗ ಎಂಟನೇ ತರಗತಿಯ ಒಬ್ಬಳು ಇದನ್ನು ತಾನೇ ಪರೀಕ್ಷೆ ಮಾಡಿದಳು. ಬೇಸಿಗೆ ರಜೆಯಲ್ಲಿ ಆಯಿಯ ಹತ್ತಿರ ಒಪ್ಪಿಗೆ ತೆಗೆದುಕೊಂಡು ಅಪ್ಪೆಮಿಡಿಯನ್ನು ಎರಡು ಸಣ್ಣ ಬಾಟಲಿಗೆ ಹಾಕಿಟ್ಟಳು. ಒಂದನ್ನು ಮುಟ್ಟಿನ ದಿನಗಳಲ್ಲಿ ತಾನೇ ತೆಗೆದು ಕಲಕಿದಳು, ಇನ್ನೊಂದನ್ನು ಆಯಿಯೇ ನೋಡಿಕೊಂಡರು. ದಸರಾ ರಜೆ ಮುಗಿಸಿ ಬರುವಾಗ ಎರಡನ್ನೂ ತಂದಳು. ನಾವೆಲ್ಲ ಊಟದ ಹೊತ್ತಿಗೆ ತಿಂದೆವು. ಎರಡೂ ಕಟುಂ ಅನ್ನುವ ಹಾಗೇ ಇದ್ದವು. ಉಪ್ಪಿನಕಾಯಿ ಹಾಳಾಗುವುದು ಒದ್ದೆ ಚಮಚದಿಂದ, ಉಪ್ಪು ಕಡಿಮೆಯಾದರೆ.

ಹೊರಗೆ ಕೂರುವ ವಿಷಯ ಉಪ್ಪಿನಕಾಯಿಯಷ್ಟು ಸುಲಭವಲ್ಲ. ಎಷ್ಟೋ ಮನೆಗಳಲ್ಲಿ ಇನ್ನೂ ಇದೆ, ಅಜ್ಜಿಯಂದಿರಿಗೆ ಅದು ನಂಬಿಕೆಯ ಮಾತು. ದೇಹಶಾಸ್ತ್ರದಲ್ಲಿ ಇದಕ್ಕೆ ಕಾರಣವೇ ಇಲ್ಲ, ಮುಟ್ಟು ಅಂಟುರೋಗವಲ್ಲ, ಹೊಲಸೂ ಅಲ್ಲ. ದೇವರ ಕೋಣೆಗೆ ಹೋಗುವುದು ಬಿಡುವುದು ನಿಮ್ಮ ಮನೆಯ ತೀರ್ಮಾನ, ಅದಕ್ಕೆ ಅಜ್ಜಿಯ ಜೊತೆ ಜಗಳ ಆಡಿ ಬನ್ನಿ ಅಂತ ನಾನು ಹೇಳುವುದಿಲ್ಲ. ಆದರೆ ಮಳೆಗಾಲದ ರಾತ್ರಿ ಹುಡುಗಿಯನ್ನು ಜಗುಲಿಯ ಮೂಲೆಯಲ್ಲಿ ಒಂದು ಚಾಪೆ ಕೊಟ್ಟು ಮಲಗಿಸುವುದು ತಪ್ಪು. ಹಾವು, ಚೇಳು ಓಡಾಡುವ ಊರು ನಮ್ಮದು. ಬಿಸಿ ಊಟ ಕೊಡದಿರುವುದು ತಪ್ಪು, ಶಾಲೆ ಬಿಡಿಸುವುದು ತಪ್ಪು. ಅಮ್ಮಂದಿರೇ, ಇಷ್ಟನ್ನಾದರೂ ನೀವು ಮುಂದೆ ನಿಂತು ಹೇಳಬೇಕು, ಮಗು ಒಬ್ಬಳೇ ಹೇಳಲಾರಳು.

"ಬೆಳಿಗ್ಗೆ ಎದ್ದಾಗ ಚಡ್ಡಿ ಅಂಟಂಟಾಗಿರ್ತದೆ. ನನಗೆ ಕಾಯಿಲೆ ಇದ್ಯಾ? ಯಾರಿಗೂ ಹೇಳ್ಬೇಡಿ."

ಕಾಯಿಲೆ ಅಲ್ಲ. ಈ ವಯಸ್ಸಿನಲ್ಲಿ ಹುಡುಗರ ದೇಹದಲ್ಲಿ ವೀರ್ಯ ತಯಾರಾಗಲು ಶುರುವಾಗುತ್ತದೆ. ಅದು ಕೆಲವೊಮ್ಮೆ ನಿದ್ದೆಯಲ್ಲಿ ತಾನಾಗಿಯೇ ಹೊರಗೆ ಬರುತ್ತದೆ. ಇದಕ್ಕೆ ಸ್ವಪ್ನಸ್ಖಲನ ಅನ್ನುತ್ತಾರೆ. ನೀನು ಏನೂ ಮಾಡಿಲ್ಲ, ತಡೆಯಲೂ ಆಗುವುದಿಲ್ಲ. ಎದ್ದು ತೊಳೆದುಕೊಂಡು ಚಡ್ಡಿ ಬದಲಾಯಿಸಿದರೆ ಮುಗಿಯಿತು. ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ, ಎರಡೂ ಸರಿ.

ಇದರಿಂದ ಶಕ್ತಿ ಹೋಗುತ್ತದೆ, ರಕ್ತ ಸೋರುತ್ತದೆ ಅಂತ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಪೋಸ್ಟರ್ ಅಂಟಿಸಿರುತ್ತಾರೆ. ಆ ಪೋಸ್ಟರ್ ನೋಡಿ ಮನೆಯ ದುಡ್ಡು ಕದ್ದು ಪುಡಿ ತಂದು ತಿಂದ ಹುಡುಗನನ್ನು ನಾನು ನೋಡಿದ್ದೇನೆ. ಹೊಟ್ಟೆ ಕೆಟ್ಟು ಹದಿನೈದು ದಿನ ಮಲಗಿದ. ಅವನಿಗೆ ಯಾರಾದರೂ ಎರಡು ವಾಕ್ಯ ಮೊದಲೇ ಹೇಳಿದ್ದರೆ ಸಾಕಿತ್ತು. ಹುಡುಗಿಯರಿಗಾದರೂ ಅಮ್ಮ ಅಕ್ಕ ಸ್ವಲ್ಪ ಹೇಳುತ್ತಾರೆ, ಹುಡುಗರಿಗೆ ಹೇಳುವವರೇ ಇಲ್ಲ. ಅಪ್ಪಂದಿರು, ಮಾವಂದಿರು ದಯವಿಟ್ಟು ಇದನ್ನು ಓದಿ.

"ನಾನು ಹುಡುಗ. ನನ್ನ ಎದೆಯೂ ದಪ್ಪ ಆಗ್ತಿದೆ. ಹಾಗಾದ್ರೆ ನಾನು ಯಾರು?"

ನೀನು ನೀನೇ. ಈ ವಯಸ್ಸಿನ ಹುಡುಗರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹೀಗಾಗುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಹಾರ್ಮೋನುಗಳು ಒಂದು ಹದಕ್ಕೆ ಬರುವವರೆಗೆ ಇರುತ್ತದೆ, ಹೆಚ್ಚಿನವರಿಗೆ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಅಥವಾ ತುಂಬಾ ನೋವಿದ್ದರೆ ಡಾಕ್ಟರಿಗೆ ತೋರಿಸು.

"ನೀಲಿ ಗುಳಿಗೆ ತಿಂದ್ರೆ ವಾಂತಿ ಬರ್ತದೆ. ಬಿಸಾಕಿದ್ರೆ ಎಂತ ಆಗ್ತದೆ?"

ವಾರಕ್ಕೊಂದು ಕೊಡುವ ಆ ನೀಲಿ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ, ಜೊತೆಗೆ ಫೋಲಿಕ್ ಆಮ್ಲ. ಮೈ ಬೆಳೆಯುವಾಗ ರಕ್ತವೂ ಜಾಸ್ತಿ ಬೇಕು, ಅದಕ್ಕೆ ಕಬ್ಬಿಣ ಬೇಕು. ಹುಡುಗರಿಗೂ ಬೇಕು. ಹೊಟ್ಟೆ ತೊಳೆಸುವುದು ಖಾಲಿ ಹೊಟ್ಟೆಯಲ್ಲಿ ತಿಂದರೆ. ಬಿಸಿಯೂಟ ಆದ ಮೇಲೆ ತಿನ್ನಿ, ಒಂದು ಗಂಟೆ ಚಹಾ ಕುಡಿಯಬೇಡಿ, ಒಂದು ನೆಲ್ಲಿಕಾಯಿ ತಿಂದರೆ ಕಬ್ಬಿಣ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. ಮಲ ಕಪ್ಪಾಗಬಹುದು, ಹೆದರಬೇಡಿ.

ಬರಿಗಾಲಲ್ಲಿ ತೋಟ ಸುತ್ತುವವರಿಗೆ ಕೊಕ್ಕೆಹುಳು ಕಾಲಿನ ಚರ್ಮದಿಂದಲೇ ಒಳಗೆ ಹೋಗಿ ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಅದಕ್ಕೇ ಫೆಬ್ರವರಿ, ಆಗಸ್ಟ್‌ನಲ್ಲಿ ಜಂತುಹುಳದ ಮಾತ್ರೆ ಕೊಡುವುದು. ಮನೆಯಲ್ಲಿ ಹರಿವೆ, ಬಸಳೆ, ಹೆಸರುಕಾಳು, ಮೀನು ತಿನ್ನುವವರಾದರೆ ತಾರ್ಲೆ, ಬಾಂಗಡೆ. ಇದಕ್ಕೆಲ್ಲ ಪೇಟೆಯ ಪೌಡರಿನಷ್ಟು ದುಡ್ಡು ಬೀಳುವುದಿಲ್ಲ.

## ಮನಸ್ಸು, ಸುರಕ್ಷತೆ

"ಸುಮ್ಸುಮ್ನೆ ಸಿಟ್ಟು ಬರ್ತದೆ, ಆಮೇಲೆ ಅಳು ಬರ್ತದೆ. ನಾನು ಕೆಟ್ಟವಳಾದ್ನಾ?"

ಮೆದುಳಿನಲ್ಲಿ ಭಾವನೆಯ ಭಾಗ ಬೇಗ ಚುರುಕಾಗುತ್ತದೆ, ಯೋಚನೆ ಮಾಡಿ ತಡೆಯುವ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಹತ್ತಿರ ಬರಬೇಕು. ಹಾಗಾಗಿ ಸಿಟ್ಟು ಮೊದಲು ಬರುತ್ತದೆ, ಯೋಚನೆ ಆಮೇಲೆ. ನಿದ್ದೆ ಕಡಿಮೆಯಾದರೆ ಇದು ಇನ್ನೂ ಜಾಸ್ತಿ. ನಿಮಗೆ 8ರಿಂದ 10 ಗಂಟೆ ನಿದ್ದೆ ಬೇಕು, ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡರೆ ಅದು ಸಿಗುವುದಿಲ್ಲ. ಸಿಟ್ಟಿನಲ್ಲಿ ಏನಾದರೂ ಅಂದುಬಿಟ್ಟರೆ ಆಮೇಲೆ ಹೋಗಿ "ತಪ್ಪಾಯ್ತು" ಅನ್ನಿ. ಎರಡು ವಾರವಾದರೂ ಬೇಜಾರು ಹೋಗದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ನಂಬುವ ದೊಡ್ಡವರಿಗೆ ಆವತ್ತೇ ಹೇಳಿ, ಅಥವಾ 14416ಕ್ಕೆ ಫೋನ್ ಮಾಡಿ. ಟೆಲಿಮನಸ್ ಅಂತ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

"ನಂಗೆ ಒಬ್ಬರ ಮೇಲೆ ಇಷ್ಟ ಆಗಿದೆ. ಇದು ಪಾಪವಾ?"

ಪಾಪ ಅಲ್ಲ. ಇಷ್ಟವಾಗುವುದು ಈ ವಯಸ್ಸಿಗೆ ಸಹಜ. ಇಷ್ಟ ಆಯ್ತು ಅಂತ ಏನೂ ಮಾಡಬೇಕಾಗಿಲ್ಲ, ಸುಮ್ನೆ ಇಟ್ಟುಕೊಂಡರೂ ಆಗುತ್ತದೆ. ಅವರು ಬೇಡ ಅಂದರೆ ಅಲ್ಲಿಗೆ ನಿಲ್ಲಿಸಬೇಕು, ಹಿಂದೆ ಬೀಳಬಾರದು. ಇನ್ನು, ನಿಮಗಿಂತ ತುಂಬಾ ದೊಡ್ಡವರು ಬಂದು "ನನಗೆ ನೀನು ಇಷ್ಟ, ಯಾರಿಗೂ ಹೇಳ್ಬೇಡ" ಅಂದರೆ ಅದು ಪ್ರೀತಿಯಲ್ಲ. ಅದನ್ನು ಹೇಳಲೇಬೇಕು.

"ಯಾರೋ ಮೈ ಮುಟ್ಟಿದ್ರು. ನಂದೇ ತಪ್ಪು ಅಂತಾರೆ ಅಂತ ಹೇಳ್ಲಿಲ್ಲ."

ನಿನ್ನ ತಪ್ಪು ಒಂದು ಚೂರೂ ಇಲ್ಲ. ನೀನು ಏನು ಹಾಕಿಕೊಂಡಿದ್ದೆ, ಎಲ್ಲಿ ಹೋಗಿದ್ದೆ, ಆಗ ಯಾಕೆ ಕೂಗಲಿಲ್ಲ, ಇದು ಯಾವುದೂ ಲೆಕ್ಕಕ್ಕಿಲ್ಲ. ಹೆದರಿದಾಗ ಮೈ ಕಲ್ಲಾಗುತ್ತದೆ, ಗಂಟಲು ಕಟ್ಟುತ್ತದೆ, ದೊಡ್ಡವರಿಗೂ ಹಾಗೇ. ಮುಟ್ಟಿದವರು ನೆಂಟರೇ ಆಗಿರಲಿ, ಕಲಿಸುವವರೇ ಆಗಿರಲಿ. ಹುಡುಗರಿಗೂ ಹೀಗಾಗುತ್ತದೆ, ಅವರಿಗೂ ಇದೇ ಮಾತು.

18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ರಕ್ಷಣೆ ಕೊಡುವ ಕಾನೂನಿದೆ, 2012ರ ಪೋಕ್ಸೋ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. ಮೊದಲು ಹೇಳಿದವರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳು, ನಂಬುವವರು ಸಿಗುವವರೆಗೆ ಹೇಳು. ನನ್ನ ಮಕ್ಕಳಿಗೆ ನಾನು ಒಂದು ವಿಷಯ ಮೊದಲ ಶನಿವಾರವೇ ಹೇಳಿರುತ್ತೇನೆ: ಡಬ್ಬಿಯ ಬೇರೆ ಎಲ್ಲ ಮಾತು ನನ್ನಲ್ಲೇ ಉಳಿಯುತ್ತದೆ, ಇದೊಂದನ್ನು ಗುಟ್ಟಾಗಿಡಲು ನನಗೆ ಆಗುವುದಿಲ್ಲ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಅಂತ ಕಾನೂನೇ ಹೇಳುತ್ತದೆ. ಆದರೆ ತಿಳಿಸುವಾಗ ನಿನ್ನ ಪಕ್ಕದಲ್ಲಿ ನಾನು ಇರುತ್ತೇನೆ.

"ಫೋನಲ್ಲಿ ನನ್ನ ಫೋಟೋ ಕೇಳ್ತಿದ್ದಾರೆ. ಕಳಿಸದಿದ್ರೆ ಮನೆಗೆ ಹೇಳ್ತೇನೆ ಅಂತ ಹೆದರಿಸ್ತಾರೆ."

ಕಳಿಸಬೇಡ. ಆಗಲೇ ಕಳಿಸಿದ್ದರೆ ಇನ್ನೊಂದನ್ನು ಕಳಿಸಬೇಡ, ದುಡ್ಡೂ ಕೊಡಬೇಡ. ಬಂದ ಮೆಸೇಜು ಅಳಿಸಬೇಡ, ಅದೇ ಸಾಕ್ಷಿ. ದೊಡ್ಡವರೊಬ್ಬರಿಗೆ ತೋರಿಸಿ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಅಥವಾ 1098ಕ್ಕೆ ಫೋನ್ ಮಾಡು. ಅಪ್ಪ ಅಮ್ಮಂದಿರೇ, ಮಗು ಬಂದು ಹೇಳಿದ ದಿನ ಮೊದಲ ಮಾತು "ಫೋನ್ ಕೊಟ್ಟದ್ದೇ ತಪ್ಪಾಯ್ತು" ಅಂತ ಆಗಬಾರದು. ಆ ಮಾತಿಗೆ ಹೆದರಿಯೇ ಅವರು ಹೇಳದೆ ಉಳಿಯುವುದು.

## ದೊಡ್ಡವರು ಕೇಳುವುದು

"ಇಷ್ಟು ಬೇಗ ಇದನ್ನೆಲ್ಲ ಹೇಳಿದ್ರೆ ಮಕ್ಕಳು ಹಾಳಾಗಲ್ವಾ ಮೇಡಂ?"

ಇಲ್ಲ. ಯುನೆಸ್ಕೋ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿ 2018ರಲ್ಲಿ ಹೊರತಂದ ಮಾರ್ಗದರ್ಶಿಯಲ್ಲೂ ಇದೇ ಇದೆ: ವಯಸ್ಸಿಗೆ ತಕ್ಕ ಹಾಗೆ ತಿಳಿಸಿದರೆ ಮಕ್ಕಳು ದಾರಿ ತಪ್ಪುವುದು ಹೆಚ್ಚಾಗುವುದಿಲ್ಲ. ಮಗುವಿಗೆ ಹೇಗೂ ಗೊತ್ತಾಗುತ್ತದೆ, ನಿಮ್ಮಿಂದಲೋ ಅಥವಾ ಬಸ್ಸಿನ ಹಿಂದಿನ ಸೀಟಿನಿಂದಲೋ ಅನ್ನುವುದಷ್ಟೇ ಪ್ರಶ್ನೆ. ಮೊದಲ ಮುಟ್ಟಾದ ದಿನ "ನಾನು ಸಾಯ್ತೇನೆ" ಅಂತ ಅತ್ತ ಮಗುವನ್ನು ಸಮಾಧಾನ ಮಾಡುವುದಕ್ಕಿಂತ ಒಂದು ವರ್ಷ ಮುಂಚೆ ಹೇಳುವುದು ಎಷ್ಟೋ ಮೇಲು.

"ಹುಡುಗ ಹುಡುಗಿಯರನ್ನ ಒಟ್ಟಿಗೆ ಕೂರಿಸಿ ಹೇಳ್ತೀರಂತೆ?"

ಮೊದಲ ಎರಡು ವಾರ ಬೇರೆ ಬೇರೆ. ಹುಡುಗರ ತರಗತಿಯನ್ನು ನಮ್ಮ ಪಿ.ಇ. ಮಾಸ್ತರರು ತೆಗೆದುಕೊಳ್ಳುತ್ತಾರೆ. ಸಂಕೋಚ ಸ್ವಲ್ಪ ಕರಗಿದ ಮೇಲೆ ಒಟ್ಟಿಗೆ. ಒಬ್ಬರಿಗೆ ಏನಾಗುತ್ತದೆ ಅಂತ ಇನ್ನೊಬ್ಬರಿಗೆ ಗೊತ್ತಾದರೆ ಅಣಕ ಕಡಿಮೆಯಾಗುತ್ತದೆ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇನ್ನೊಂದು ಕಷ್ಟ ಮಾತಿನದ್ದು. ಒಂದೇ ಬೆಂಚಿನಲ್ಲಿ ಕೊಂಕಣಿ, ಹವ್ಯಕ, ಹಾಲಕ್ಕಿ, ನವಾಯತಿ ಮಾತಾಡುವವರು ಕೂತಿರುತ್ತಾರೆ, ಎಲ್ಲರ ಮನೆಯಲ್ಲೂ ಇದಕ್ಕೆ ಒಂದೊಂದು ಮರೆಮಾತು. ನಾವು ಬೋರ್ಡಿನ ಮೇಲೆ "ಮುಟ್ಟು" ಅಂತ ದೊಡ್ಡದಾಗಿ ಬರೆದು ಎಲ್ಲರೂ ಮೂರು ಸಲ ಓದುತ್ತೇವೆ. ಮೊದಲ ಸಲ ನಗು, ಎರಡನೇ ಸಲ ಕಡಿಮೆ, ಮೂರನೇ ಸಲಕ್ಕೆ ಅದು ಬರೀ ಒಂದು ಶಬ್ದ.

"'ಮಗು ಹೇಗೆ ಹುಟ್ತದೆ' ಅಂತ ಮಗ ಕೇಳಿದ. ದೇವರು ಕೊಡ್ತಾನೆ ಅಂದೆ. ಸರಿಯಾಯ್ತಾ?"

ಆರನೇ ತರಗತಿಯವನಿಗೆ ಆ ಉತ್ತರ ಸಾಲದು. ಹೆಣ್ಣಿನ ದೇಹದ ಒಂದು ಅಂಡಾಣು, ಗಂಡಿನ ದೇಹದ ಒಂದು ವೀರ್ಯಾಣು ಸೇರಿ ಗರ್ಭಕೋಶದಲ್ಲಿ ಒಂಬತ್ತು ತಿಂಗಳು ಬೆಳೆಯುತ್ತದೆ ಅಂತ ಹೇಳಿ. ಇದು ದೊಡ್ಡವರು ಒಪ್ಪಿಕೊಂಡು, ಜವಾಬ್ದಾರಿ ಹೊತ್ತು ಮಾಡುವ ಸಂಗತಿ ಅಂತಲೂ ಹೇಳಿ. ಅವನು ಕೇಳಿದಷ್ಟಕ್ಕೆ ಉತ್ತರ ಕೊಡಿ. ಗೊತ್ತಿಲ್ಲದಿದ್ದರೆ "ನೋಡಿ ಹೇಳ್ತೇನೆ" ಅನ್ನಿ, ಆಮೇಲೆ ಮರೆಯದೆ ಹೇಳಿ.

"ಡಾಕ್ಟರ ಹತ್ತಿರ ಎಲ್ಲಿ ಹೋಗೋದು? ನಾಚಿಕೆ ಆಗ್ತದೆ."

10ರಿಂದ 19 ವರ್ಷದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಅಂತ ಇದೆ. ಶಿರಸಿ, ಕುಮಟಾ, ಅಂಕೋಲಾ ಕಡೆಯವರು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ, ಕಾರವಾರದವರಿಗೆ ಜಿಲ್ಲಾ ಆಸ್ಪತ್ರೆಯೇ ಇದೆ. ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಮೊದಲು ಕೇಳಿದರೆ ಯಾವ ದಿನ ಯಾರು ಸಿಗುತ್ತಾರೆ ಅಂತ ಹೇಳುತ್ತಾರೆ.

"ನಾನು ಬೋಟಿಗೆ ಹೋಗೋನು. ಹೆಂಡ್ತಿ ತೀರಿಕೊಂಡಿದ್ದಾಳೆ. ಮಗಳು ಏಳನೇ ಕ್ಲಾಸು. ನಾನು ಗಂಡಸು, ಎಂತ ಹೇಳೋದು?"

ಇದನ್ನು ಕೇಳಿದ ಅಪ್ಪ ಗೇಟಿನ ಹೊರಗೇ ನಿಂತಿದ್ದರು, ಒಳಗೆ ಬನ್ನಿ ಅಂದರೂ ಬರಲಿಲ್ಲ. ಜೂನ್ ತಿಂಗಳು, ಮೀನುಗಾರಿಕೆಗೆ ರಜೆ. ಜುಲೈ 31ರವರೆಗೆ ಬೋಟು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳು ನೀವು ಮನೆಯಲ್ಲೇ ಇರುತ್ತೀರಲ್ಲ, ಅಷ್ಟು ಸಾಕು ಅಂದೆ.

ಎದುರು ಕೂರಿಸಿಕೊಂಡು ಪಾಠ ಮಾಡಬೇಡಿ, ಇಬ್ಬರಿಗೂ ಕಷ್ಟ. ಬಲೆ ಸರಿಮಾಡುವಾಗ, ಅಡಿಗೆ ಮಾಡುವಾಗ, ಕೈಗೆ ಕೆಲಸ ಇರುವಾಗ ಹೇಳಿ. "ನಿನಗೆ ಇನ್ನು ಸ್ವಲ್ಪ ದಿನಕ್ಕೆ ಮುಟ್ಟಾಗಬಹುದು, ರಕ್ತ ಕಂಡರೆ ಹೆದರಬೇಡ, ಅದು ಎಲ್ಲ ಹೆಣ್ಣುಮಕ್ಕಳಿಗೂ ಆಗುತ್ತದೆ, ಪ್ಯಾಡು ಕಪಾಟಿನಲ್ಲಿಟ್ಟಿದ್ದೇನೆ." ಇಷ್ಟೇ ವಾಕ್ಯ. ಪ್ಯಾಡನ್ನು ನೀವೇ ಹೋಗಿ ತನ್ನಿ, ಕಪ್ಪು ಚೀಲದಲ್ಲಿ ಅಡಗಿಸದೆ ಅಕ್ಕಿ ಬೇಳೆಯ ಜೊತೆ ತನ್ನಿ. ಹೇಗೆ ಇಟ್ಟುಕೊಳ್ಳುವುದು ಅಂತ ಪ್ಯಾಕೆಟ್ಟಿನ ಮೇಲೆ ಚಿತ್ರ ಇರುತ್ತದೆ. ಕಡಲಲ್ಲಿ ಇರುವಾಗ ಅವಳು ಯಾರನ್ನು ಕೇಳಬೇಕು, ಅತ್ತೆಯನ್ನೋ ಪಕ್ಕದ ಮನೆಯವರನ್ನೋ, ಅಂತ ಅವಳನ್ನೇ ಕೇಳಿ ಗೊತ್ತು ಮಾಡಿ, ಅವರಿಗೂ ಮೊದಲೇ ಹೇಳಿಡಿ.

ಆಗಸ್ಟ್‌ನಲ್ಲಿ ಬೋಟು ಇಳಿಸುವ ಮುಂಚೆ ಅವರು ಮತ್ತೆ ಬಂದರು. ಈ ಸಲ ಗೇಟು ದಾಟಿ ಒಳಗೆ ಬಂದರು. ಅಂಗಡಿಯಲ್ಲಿ ಎರಡು ಅಳತೆ ಇಟ್ಟಿದ್ದಾರೆ, ಹನ್ನೆರಡು ವರ್ಷದವಳಿಗೆ ಯಾವುದು ತರಬೇಕು ಅಂತ ಕೇಳಿದರು. ಹಗಲಿಗೆ ಚಿಕ್ಕದು, ರಾತ್ರಿಗೆ ಉದ್ದದ್ದು, ಎರಡೂ ಒಂದೊಂದು ಪ್ಯಾಕೆಟ್ ಇರಲಿ ಅಂದೆ.